ಬಾಲದ ಭಾರ

ನಮ್ಮ ಗಾಡಿಗೆ ಬಾಲ ಉದ್ದವಾದದ್ದು ಅಪ್ಪನ ಮಡಿಯಿಂದ. ಈ ಮಾತನ್ನು ಅವರ ಮುಖಕ್ಕೇ ಎಷ್ಟೋ ಸಲ ಹೇಳಿದ್ದೇನೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮಂಡ್ಯದಲ್ಲಿ ನಮ್ಮ ಬೀದಿಯವರಿಗೆಲ್ಲ ಗೊತ್ತು, ಹಾಗಾಗಿ ಮುಚ್ಚುಮರೆ ಏನೂ ಇಲ್ಲ.

ಕಾಲೇಜಿನ ಕೆಲಸ ಬಿಟ್ಟ ವರ್ಷ ನಾನು ಒಂದು ಹಳೆಯ ಸ್ಕೂಲ್ ಬಸ್ಸು ಕೊಂಡು, ಮಹದೇವುವಿನ ವರ್ಕ್‌ಶಾಪಿನಲ್ಲಿ ಅದನ್ನು ಮನೆ ಮಾಡಿಸಿದೆ. ಮಲಗಲು ಮಂಚ, ಒಂದು ಒಲೆ, ಬಟ್ಟೆಗೆ ಬೀರು, ಮೂಲೆಯಲ್ಲಿ ಬಚ್ಚಲು. ಅಮ್ಮನಿಗೆ ಊರು ಸುತ್ತುವ ಆಸೆ. ಅಪ್ಪನಿಗೆ ಹೊರಗಡೆ ಒಂದು ಲೋಟ ನೀರನ್ನೂ ಮುಟ್ಟದ ವ್ರತ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಕಾದರೆ ಮನೆಯನ್ನೇ ಹೊತ್ತುಕೊಂಡು ಹೋಗುವುದು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ.

ಅಪ್ಪ ಪಾರ್ಥಸಾರಥಿ, ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರಾಗಿದ್ದವರು. ಅವರದು ಒಂದೇ ಷರತ್ತು: ನಮ್ಮ ಹಿತ್ತಿಲ ಬಾವಿಯ ನೀರು ಗಾಡಿಯಲ್ಲಿರಬೇಕು, ಕುಡಿಯಲಿಕ್ಕೂ ಪೂಜೆಗೂ ಅದೇ ಆಗಬೇಕು. ಮುಂದುಗಡೆ ದೇವರ ಪೆಟ್ಟಿಗೆ, ನಡುವೆ ಮಂಚ. ಟ್ಯಾಂಕಿಗೆ ಹಿಂದುಗಡೆ ಬಿಟ್ಟರೆ ಎಲ್ಲೂ ಜಾಗವಿರಲಿಲ್ಲ. ಮಹದೇವು ಹಿಂದಿನ ಚಕ್ರದಿಂದಾಚೆಗೆ ಬಾಡಿಯನ್ನು ಒಂದು ಆಳುದ್ದ ಬೆಳೆಸಿ, ಅಲ್ಲಿ ದೊಡ್ಡದೊಂದು ಸ್ಟೀಲ್ ಟ್ಯಾಂಕು ಕೂರಿಸಿದ. ಕೂರಿಸುವಾಗಲೇ ಗೊಣಗಿದ.

"ಅಕ್ಕ, ಯೋಳ್ತೀನಿ ಕೇಳಿ. ಈ ಟ್ಯಾಂಕು ತುಂಬುದ್ರೆ ಗಾಡಿ ಹಿಂದುಕ್ಕೆ ಕುಂತ್ಕತದೆ. ಸಮ ರೋಡಲ್ಲಿ ಏನೂ ಆಗಕ್ಕಿಲ್ಲ. ಏರು ಅತ್ತೋ ಜಾಗದಲ್ಲಿ ಮೂತಿ ಮ್ಯಾಕೆ ಓಯ್ತದೆ, ಬಾಲ ನೆಲುಕ್ಕೆ ಬಡೀತದೆ. ಆಮ್ಯಾಕೆ ನನ್ನ ಬೈಬೇಡಿ."

ಹಾಗೇ ಆಯಿತು. ಮೊದಲನೆಯ ಪ್ರಯಾಣದಲ್ಲೇ ಮದ್ದೂರಿನ ಪೆಟ್ರೋಲ್ ಬಂಕಿನ ಏರಿನಲ್ಲಿ ಬಾಲ ಕರ್ರೋ ಎಂದು ಉಜ್ಜಿತು. ಬಂಕಿನವನು ಕಿವಿ ಮುಚ್ಚಿಕೊಂಡ. ಅಮ್ಮ ಬಿದ್ದೂ ಬಿದ್ದೂ ನಕ್ಕಳು. "ನಿಮ್ಮ ಮಡಿ ನೆಲ ಸಾರಿಸ್ತಿದೆ ನೋಡಿ," ಅಂದಳು ಅಪ್ಪನಿಗೆ. ಆಗ ಅಮ್ಮ ಗಟ್ಟಿಯಾಗಿದ್ದಳು, ಉಜ್ಜಿದರೆ ಉಜ್ಜಲಿ ಅಂತ ನಾವೂ ಬಿಟ್ಟೆವು.

ಆಮೇಲೆ ಅಮ್ಮನಿಗೆ ಕ್ಯಾನ್ಸರ್ ಆಗಿ, ಅದು ಬೆನ್ನುಮೂಳೆಗೆ ಇಳಿಯಿತು. ಮಲಗಿದಲ್ಲಿಂದ ಏಳಿಸಬೇಡಿ, ಹೊತ್ತುಕೊಂಡು ಓಡಾಡಿಸಬೇಡಿ, ಕುಲುಕಾಟ ಮಾತ್ರ ಆಗಲೇಬಾರದು ಅಂದರು ಡಾಕ್ಟರು. ಇನ್ನೆಷ್ಟು ದಿನ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಾಡಿಯ ಮಂಚಕ್ಕೆ ದಪ್ಪನೆಯ ಹಾಸಿಗೆ ಹಾಕಿ ಅಮ್ಮನನ್ನು ಅಲ್ಲೇ ಮಲಗಿಸಿದೆವು, ಯಾಕೆಂದರೆ ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಗಾಡಿ ಮನೆಯ ಮುಂದೆ ನಿಂತೇ ಇತ್ತು.

ಒಂದು ಬೆಳಗ್ಗೆ ಅಮ್ಮ ನನ್ನ ಸೆರಗು ಹಿಡಿದಳು. "ರಂಜಿ, ಒಂದು ಕಡೆ ಕರಕೊಂಡು ಹೋಗ್ತೀಯಾ?"

"ಎಲ್ಲಿಗಮ್ಮಾ? ಮೇಲುಕೋಟೆಗಾ?"

"ಬೋರೆಕೊಪ್ಪಲಿಗೆ. ಪಟ್ಟಲಮ್ಮನ ಮನೆಗೆ."

ಅಪ್ಪ ಒಳಗೆ ತುಳಸಿ ಬಿಡಿಸುತ್ತಿದ್ದರು. ಅವರ ಕೈ ನಿಂತದ್ದನ್ನು ನಾನು ನೋಡಿದೆ.

ಬೋರೆಕೊಪ್ಪಲು ಮಳವಳ್ಳಿಯಿಂದ ಒಳಕ್ಕೆ ಇರುವ ಊರು. ಅಮ್ಮ ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಹನ್ನೊಂದು ವರ್ಷ ಟೀಚರಾಗಿದ್ದಳು. ಶಾಲೆಗೆ ಇಬ್ಬರೇ ಟೀಚರು, ಇನ್ನೊಬ್ಬಳು ಪಟ್ಟಲಮ್ಮ. ಊರು ಕೆಳಗೆ, ಪಟ್ಟಲಮ್ಮನವರ ಕೇರಿ ಬೋರೆಯ ಮೇಲೆ, ಕಲ್ಲುದಿಬ್ಬದ ನೆತ್ತಿಯಲ್ಲಿ. ದಿನಾ ಪಟ್ಟಲಮ್ಮ ಇಳಿದು ಬರುತ್ತಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು, ಒಬ್ಬರ ಮಕ್ಕಳ ಬಗ್ಗೆ ಇನ್ನೊಬ್ಬರು ಚಿಂತೆ ಮಾಡುತ್ತಿದ್ದರು. ನನಗೆ ಸಿಡುಬೆದ್ದಾಗ ಅಮ್ಮನ ತರಗತಿಯನ್ನೂ ಸೇರಿಸಿ ತಿಂಗಳಿಡೀ ಪಾಠ ಮಾಡಿದವಳು ಅವಳೇ. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಮನೆಯಿಂದ ತಂದ ಕೂಜದ ನೀರನ್ನೇ ಕುಡಿಯುತ್ತಿದ್ದಳು. ಆ ಕೂಜವನ್ನು ಕಿಟಕಿಯ ಮೇಲೆ ಇಟ್ಟಿರುತ್ತಿದ್ದಳು, ಯಾರ ಕೈಗೂ ತಾಗದ ಹಾಗೆ. ಪಟ್ಟಲಮ್ಮ ಅದರ ಹತ್ತಿರಕ್ಕೂ ಹೋಗುತ್ತಿರಲಿಲ್ಲವಂತೆ. ಯಾರೂ ಹೇಳಿಕೊಟ್ಟದ್ದಲ್ಲ, ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಪಟ್ಟಲಮ್ಮ ಬೋರೆಯ ಮೇಲೆ ಇಟ್ಟಿಗೆಯ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಅಮ್ಮನನ್ನು ಕರೆದಳು. "ಬರ್ತೀನಿ, ಖಂಡಿತ ಬರ್ತೀನಿ," ಅಂದಿದ್ದಳು ಅಮ್ಮ. ಅಪ್ಪ ಬೇಡ ಎಂದರು. ಅಮ್ಮ ಹೋಗಲಿಲ್ಲ. ಮಾರನೆಯ ದಿನ ಪಟ್ಟಲಮ್ಮ ಎಂದಿನಂತೆ ಇಳಿದು ಬಂದು, ಹಾಜರಿ ಹಾಕಿ, ಮಗ್ಗಿ ಹೇಳಿಸಿದಳು. ಯಾಕೆ ಬರಲಿಲ್ಲ ಅಂತ ಆ ದಿನವೂ ಕೇಳಲಿಲ್ಲ, ಆಮೇಲೆ ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಒಂದು ಸುಳ್ಳು ಹೇಳಿ ಹಗುರಾಗುತ್ತಿದ್ದೆ ಅಂತ ಅಮ್ಮ ನನ್ನ ಹತ್ತಿರ ಒಂದು ಸಲ ಅಂದಿದ್ದಳು.

ಈಗ ಅಲ್ಲಿಗೆ ಹೋಗಬೇಕು ಅಂತಾಳೆ. ಹೋಗೇ ಹೋಗೋಣ ಅಂದೆ ನಾನು.

ಪಟ್ಟಲಮ್ಮನ ಮಗ ಸಿದ್ದೇಶ್ ಮಳವಳ್ಳಿಯ ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರು. ಹಳೆಯ ಮೇಷ್ಟ್ರೊಬ್ಬರಿಂದ ನಂಬರು ಪಡೆದು ಫೋನ್ ಮಾಡಿದೆ. ಅವನು "ಬನ್ನಿ," ಅಂದ. ಆಮೇಲೆ, "ನಿಮ್ಮದು ದೊಡ್ಡ ಗಾಡಿ ಅಂತೀರ. ನಮ್ಮ ಬೋರೆ ರೋಡು ಬಲೇ ಏರು ಕಣಕ್ಕ. ಪಂಚಾಯ್ತಿಯೋರು ಕಾಂಕ್ರೀಟ್ ಸುರುದವ್ರೆ, ಬುಡದಲ್ಲಿ ಮೋರಿ ಐತೆ. ಆಂಬುಲೆನ್ಸೇ ಒದ್ದಾಡ್ತದೆ," ಅಂದ.

ಮಹದೇವುವಿನ ಹತ್ತಿರ ಓಡಿದೆ. ಅವನು ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸಿ ಗಾಡಿಯ ಹಿಂಬದಿ ಎತ್ತರಿಸಿದ. ಬಾಲದ ಅಡಿಗೆ ಎರಡು ಪುಟ್ಟ ಕಬ್ಬಿಣದ ಚಕ್ರ ಬಿಗಿದ. ನೆಲ ತಾಗಿದರೂ ಉಜ್ಜದೆ ಉರುಳಿಕೊಂಡು ಹೋಗಲಿ ಅಂತ. ಏರಿನ ಬುಡದ ತಗ್ಗಿಗೆ ಹಾಸಲು ನಾಲ್ಕು ದಪ್ಪ ಹಲಗೆಗಳನ್ನೂ ಗಾಡಿಗೆ ಹಾಕಿದ. ಕೊನೆಗೆ ಟ್ಯಾಂಕನ್ನು ತಟ್ಟಿ, "ಇದು ತುಂಬಿರೋಗಂಟ ಇದ್ಯಾವ್ದೂ ಗ್ಯಾರಂಟಿ ಇಲ್ಲ ಕಣಕ್ಕ. ಖಾಲಿ ಮಾಡ್ಕಂಡ್ ಓಗಿ," ಅಂದ.

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಮನೆಗೆ ಬಂದು ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಅಷ್ಟು ದೂರ ಹೋಗಿ ನೀರಿಗೆ ಏನು ಮಾಡೋದು? ಇವಳ ಮಾತ್ರೆಗೆ, ನನ್ನ ಮಧ್ಯಾಹ್ನದ ಸಂಧ್ಯಾವಂದನೆಗೆ?"

"ಅಪ್ಪಾ, ಒಂದು ದಿನ. ಒಂದೇ ಒಂದು ದಿನ."

"ಒಂದು ದಿನ ಬಿಟ್ಟದ್ದು ಬಿಟ್ಟ ಹಾಗೇ ರಂಜನಿ," ಅಂದು ಅವರೇ ಹೋಗಿ ಮೋಟಾರು ಹಾಕಿ, ಪೈಪು ಎಳೆದು, ಟ್ಯಾಂಕನ್ನು ಕಂಠದವರೆಗೂ ತುಂಬಿಸಿದರು. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು, ಟ್ಯಾಂಕಿಗೆ ನೀರು ಬೀಳುವ ಸದ್ದನ್ನು ಕೇಳಿಕೊಂಡು.

ಮಾರನೆಯ ದಿನ ಹೊರಟೆವು. ನಾನು ಮೊಟ್ಟೆಯ ಬುಟ್ಟಿ ಹೊತ್ತವಳಂತೆ ಗಾಡಿ ಓಡಿಸಿದೆ. ಒಂದೊಂದು ರಸ್ತೆಯುಬ್ಬಿಗೂ ನಿಂತು, ಇಳಿಸಿ, ಹತ್ತಿಸಿ. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದು ಬೈದುಕೊಂಡು ಹೋದರು. ಮದ್ದೂರು ಬಿಟ್ಟು ಮಳವಳ್ಳಿಯ ರಸ್ತೆಗೆ ತಿರುಗಿದ ಮೇಲೆ ಅಮ್ಮ ಕಿಟಕಿಯಿಂದ ಕಬ್ಬಿನ ಗದ್ದೆ ನೋಡುತ್ತಾ, "ಆಗ ಈ ರಸ್ತೇಲಿ ಎರಡೇ ಬಸ್ಸು. ತಪ್ಪಿದರೆ ಕಬ್ಬಿನ ಗಾಡಿ," ಅಂದಳು. ಅವಳ ದನಿಯಲ್ಲಿ ಬಹಳ ದಿನದ ಮೇಲೆ ಒಂದಿಷ್ಟು ಜೀವ ಕೇಳಿಸಿತು.

ಬೋರೆಯ ಬುಡಕ್ಕೆ ಬಂದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಸಿದ್ದೇಶ್ ಕಾದು ನಿಂತಿದ್ದ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಕೂದಲು ನರೆತಿತ್ತು. ನಮಸ್ಕಾರ ಮಾಡಿದ, ನಗಲಿಲ್ಲ. ನಾನು ಇಳಿದು ಏರನ್ನು ನೋಡಿದೆ. ಗೋಡೆಗೆ ಏಣಿ ಒರಗಿಸಿದ ಹಾಗಿತ್ತು ರಸ್ತೆ. ಬುಡದಲ್ಲಿ ಮೋರಿ, ಅದರ ಮೇಲೆ ಕಲ್ಲುಚಪ್ಪಡಿ, ಅಲ್ಲಿಂದ ಒಮ್ಮೆಲೇ ಏರು.

ಹಲಗೆ ಹಾಸಿದೆವು. ಸಿದ್ದೇಶ್ ಹಿಂದೆ ನಿಂತು ಬಾಲವನ್ನು ನೋಡುತ್ತಾ ಕೈ ಆಡಿಸಿದ. ನಾನು ಫಸ್ಟ್ ಗೇರಿಗೆ ಹಾಕಿ ಮೆಲ್ಲಗೆ ಏರಿಸಿದೆ. ಮುಂದಿನ ಚಕ್ರ ಏರು ಹಿಡಿಯಿತು, ಮೂತಿ ಮೇಲೆದ್ದಿತು, ಮುಂದಿನ ಗಾಜಿನಲ್ಲಿ ಬರೀ ಆಕಾಶ. ಹಿಂದಿನ ಚಕ್ರ ಹಲಗೆಗೆ ಬಂತು ಅನ್ನುವಷ್ಟರಲ್ಲಿ ಧಡ್ ಎಂದು ಬಾಲ ಬಡಿಯಿತು. ಕಬ್ಬಿಣದ ಚಕ್ರವೊಂದು ಚಪ್ಪಡಿಯ ಸಂದಿಗೆ ಸಿಕ್ಕಿ ಮಡಚಿಕೊಂಡಿತು. ಗಾಡಿ ಇಡೀ ಅದುರಿತು.

ಅಮ್ಮ ಕೂಗಲಿಲ್ಲ. ಕೂಗಿದ್ದರೆ ವಾಸಿಯಾಗಿತ್ತು. ಹಲ್ಲು ಕಚ್ಚಿ ಒಳಗೇ ಎಳೆದುಕೊಂಡ ಒಂದು ನರಳಿಕೆ ನನ್ನ ಬೆನ್ನಿಗೆ ಬಂದು ಚುಚ್ಚಿತು. ಗಾಡಿಯನ್ನು ಹಿಂದಕ್ಕೆ ಬಿಟ್ಟು ಸಮತಟ್ಟಿಗೆ ತಂದು ನಿಲ್ಲಿಸಿದೆ. ಒಳಗೆ ಹೋಗಿ ನೋಡಿದರೆ ಅಮ್ಮನ ಹಣೆಯ ಮೇಲೆ ಬೆವರು, ಅಪ್ಪ ಅವಳ ಕೈ ಹಿಡಿದು ಕೂತಿದ್ದರು.

"ಹಿಂದಕ್ಕೆ ಹೋಗೋಣ," ಅಂದರು ಅಪ್ಪ. "ಸಾಕು. ಇವಳಿಗೆ ಆಗಲ್ಲ."

ಸಿದ್ದೇಶ್ ಬಾಗಿಲಲ್ಲಿ ನಿಂತಿದ್ದ. "ಟೀಚರಮ್ಮ, ನೀವು ನೋವು ತಿನ್ಬ್ಯಾಡಿ. ನಮ್ಮವ್ವನ್ನೇ ಕೈ ಇಡ್ಕಂಡು ಇಳಿಸ್ಕಂಡ್ ಬತ್ತೀನಿ. ಮಂಡಿ ನೋವದೆ, ಮೆಲ್ಲುಕೆ ಬತ್ತಾಳೆ."

"ಬೇಡ ಮಗು." ಅಮ್ಮನ ದನಿ ಸಣ್ಣಗಿತ್ತು, ಆದರೆ ಅದು ಟೀಚರ ದನಿ. "ಹನ್ನೊಂದು ವರ್ಷ ಅವಳೇ ಇಳಿದು ಬಂದಳು. ಇವತ್ತೂ ಅವಳೇ ಇಳಿಯೋದಾದರೆ ನಾನು ಮಂಡ್ಯದಲ್ಲೇ ಇರ್ತಿದ್ದೆ. ನಾನು ಹತ್ತಬೇಕು."

ನಾನು ಹಿಂದಕ್ಕೆ ಹೋಗಿ ಬಾಲದ ಹತ್ತಿರ ಬಗ್ಗಿ ನೋಡಿದೆ. ಬಾಲಕ್ಕೂ ನೆಲಕ್ಕೂ ಇದ್ದ ಸಂದು ಒಂದು ಗೇಣೂ ಇರಲಿಲ್ಲ. ಖಾಲಿ ಗಾಡಿಯಾಗಿದ್ದರೆ ಇನ್ನೂ ಒಂದು ಅಂಗೈ ಎತ್ತರ ನಿಲ್ಲುತ್ತಿತ್ತು. ಆ ಅಂಗೈ ಎತ್ತರವೇ ಬೇಕಾದದ್ದು. ಎದ್ದು ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ: "ಅಪ್ಪಾ, ನೀರು ಬಿಡಬೇಕು."

"ಆಗಲ್ಲ ಅಂತ ನಿನ್ನೇನೇ ಹೇಳಿದೆ." ಅಪ್ಪ ಇಳಿದು ಬಂದು ಟ್ಯಾಂಕಿನ ನಲ್ಲಿಗೆ ಅಡ್ಡ ನಿಂತರು.

"ಹಾಗಾದರೆ ಅಮ್ಮ ಹತ್ತೋದು ಬೇಡವಾ?"

"ನೀರಿಲ್ಲದೆ ಮೇಲೆ ಹೋಗಿ ಏನು ಮಾಡ್ತೀಯೆ? ಅವಳಿಗೆ ಗಳಿಗೆಗೊಂದು ಸಲ ಬಾಯಿ ಒಣಗುತ್ತೆ."

"ಬೋರೆ ಮೇಲಿನ ಜನ ನೀರು ಕುಡಿಯಲ್ವಾ ಅಪ್ಪಾ? ಅವರೇನು ಗಾಳಿ ಕುಡಿದು ಬದುಕಿದ್ದಾರಾ?"

ಬಾಯಿಂದ ಬಿದ್ದುಹೋಯಿತು. ಸಿದ್ದೇಶ್ ಪಕ್ಕದಲ್ಲೇ ಇದ್ದ. ಅವನು ಮುಖ ತಿರುಗಿಸಿ ಏರಿನ ಕಡೆ ನೋಡಿದ. ಅವನ ತಾಯಿಯ ಮನೆಯ ಬುಡದಲ್ಲಿ ನಿಂತುಕೊಂಡು, ಅವಳ ನೀರು ಕುಡಿಯಬಹುದೋ ಬಾರದೋ ಅಂತ ನಾವು ಜಗಳವಾಡುತ್ತಿದ್ದೆವು. ನನಗೆ ನಾಚಿಕೆಯಾಯಿತು. ಅಪ್ಪನ ಮುಖವೂ ಕಪ್ಪಿಟ್ಟಿತು, ಆದರೆ ಅವರು ನಲ್ಲಿಯ ಮುಂದಿನಿಂದ ಕದಲಲಿಲ್ಲ.

ಕಿಟಕಿಯಿಂದ ಅಮ್ಮನ ದನಿ ಬಂತು. "ರಂಜಿ, ಸುರಿದುಬಿಡು."

"ಗೋದಾ..." ಅಂದರು ಅಪ್ಪ.

"ಸುರೀಲಿ ಬಿಡಿ. ಈ ವಯಸ್ಸಿಗೆ ನನ್ನನ್ನ ಇನ್ನೊಂದು ಗೃಹಪ್ರವೇಶಕ್ಕೆ ಯಾರೂ ಕರೆಯಲ್ಲ."

ಅಪ್ಪ ಪಕ್ಕಕ್ಕೆ ಸರಿದರು. ಬಾಲದ ಅಡಿಯ ನಲ್ಲಿಯನ್ನು ನಾನು ತಿರುಗಿಸಿದೆ. ಬಾವಿಯ ನೀರು ಬುಳುಬುಳು ಮೋರಿಗೆ ಬಿತ್ತು.

ಆಗ ಏರಿನ ಮೇಲಿಂದ ಒಬ್ಬ ಮುದುಕಿ ಕೊಡ ಹಿಡಿದುಕೊಂಡು ಇಳಿದು ಬಂದಳು, ಅವಳ ಹಿಂದೆ ಇನ್ನೂ ಮೂರ್ನಾಲ್ಕು ಹೆಂಗಸರು. "ಅಯ್ಯೋ ಶಿವ್ನೇ, ಚಿನ್ನದಂಗಿರೋ ನೀರ ಮೋರಿಗ್ ಬುಡ್ತಾವ್ರಲ್ಲ! ನಮ್ಗೆ ನಲ್ಲಿ ಬಂದು ನಾಕ್ ದಿನ ಆಯ್ತು ಕಣವ್ವ. ಇಡ್ಕತೀವಿ, ನಿಲ್ಸು," ಅಂದಳು. ಅವಳು ಹೊಂಬಾಳಮ್ಮ, ಪಟ್ಟಲಮ್ಮನ ಪಕ್ಕದ ಮನೆಯವಳು. ಯಾರನ್ನೂ ಕೇಳದೆ ಕೊಡವನ್ನು ನಲ್ಲಿಯ ಕೆಳಗೆ ಇಟ್ಟೇಬಿಟ್ಟಳು. ಒಂದು ತುಂಬಿತು, ಇನ್ನೊಂದು ಬಂತು. ಅಪ್ಪನ ಮಡಿನೀರು ಒಂದೊಂದೇ ಸೊಂಟವೇರಿ ಬೋರೆ ಹತ್ತಿತು. ಅಪ್ಪ ಮರದ ಕೆಳಗೆ ನಿಂತು ಅದನ್ನೇ ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಅಷ್ಟರಲ್ಲಿ ಮೇಲಿಂದ ಯಾರೋ ಒಂದು ಹೊಸ ಸ್ಟೀಲ್ ಬಿಂದಿಗೆ ತಂದು ಸಿದ್ದೇಶನ ಕೈಗೆ ಕೊಟ್ಟರು. ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಸಿದ್ದೇಶ್ ಅದನ್ನು ನನ್ನ ಕಡೆ ಚಾಚಿ, "ಇದ್ರಲ್ಲೂ ಒಂದು ಇಡೀರಿ. ನೀವೇ ಇಡೀಬೇಕಂತೆ, ಅವ್ವ ಯೋಳವ್ಳೆ," ಅಂದ. ಅವನ ದನಿ ಕಲ್ಲಿನ ಹಾಗಿತ್ತು. ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ. ಹಿಡಿದುಕೊಟ್ಟೆ. ಅವನು ಹೆಗಲ ಮೇಲಿನ ಟವೆಲನ್ನು ಬಿಂದಿಗೆಯ ಬಾಯಿಗೆ ಮುಚ್ಚಿ ಮೇಲಕ್ಕೆ ಕಳಿಸಿದ.

ಟ್ಯಾಂಕು ಖಾಲಿಯಾಗುತ್ತಿದ್ದ ಹಾಗೆ ಬಾಲ ಮೆಲ್ಲಗೆ ಮೇಲೆದ್ದಿತು. ಮಡಚಿದ ಚಕ್ರವನ್ನು ಬಿಚ್ಚಿ ಎಸೆದೆ. ಹಲಗೆಗಳನ್ನು ಎರಡೆರಡಾಗಿ ಪೇರಿಸಿದೆವು. ಸಿದ್ದೇಶ್ ಈಗ ಹಿಂದೆ ನಿಲ್ಲಲಿಲ್ಲ, ನೆಲದ ಮೇಲೆ ಮಲಗಿ, ಕೆನ್ನೆ ಚಪ್ಪಡಿಗೆ ತಾಗಿಸಿ ನೋಡತೊಡಗಿದ. ಗಾಡಿ ಏರಿತು. ಮೂತಿ ಮೇಲೆದ್ದಿತು. ಹಿಂದಿನ ಚಕ್ರ ಹಲಗೆಗೆ ಬಂತು. ಬಾಲದ ಅಡಿಯ ಸಂದಿನ ಬೆರಳಳತೆಯನ್ನು ಸಿದ್ದೇಶ್ ಕೂಗಿ ಹೇಳತೊಡಗಿದ.

"ಬನ್ನಿ... ಬನ್ನಿ... ನಾಕು ಬೆಳ್ಳು ಐತೆ... ಮೂರು ಬೆಳ್ಳು... ನಿಲ್ಲಿಸ್ಬ್ಯಾಡಿ ಅಕ್ಕ, ಬನ್ನಿ!"

ತಾಗಲಿಲ್ಲ. ಗಾಡಿ ಬಾಲ ಎತ್ತಿಕೊಂಡು ಬೋರೆ ಹತ್ತಿತು. ನಾನು ಸ್ಟೀರಿಂಗಿನ ಮೇಲೆ ಒಂದು ಗುದ್ದು ಗುದ್ದಿದೆ, ಕಣ್ಣಲ್ಲಿ ನೀರು ಬಂದಿತ್ತು.

ಪಟ್ಟಲಮ್ಮನ ಮನೆಯ ಜಗಲಿಗೆ ಗಾಡಿಯ ಪಕ್ಕೆಯನ್ನು ಒತ್ತಿ ನಿಲ್ಲಿಸಿದೆ, ಅಮ್ಮನ ಮಂಚದ ಕಿಟಕಿ ಜಗಲಿಯ ಸಮಕ್ಕೆ ಬರುವ ಹಾಗೆ. ಜಗಲಿಯ ಗೋಡೆಯಲ್ಲಿ ಬುದ್ಧನ ಪಟ, ಅಂಬೇಡ್ಕರರ ಪಟ. ಬಾಗಿಲ ಪಕ್ಕದಲ್ಲಿ, ನೆರಳಿನಲ್ಲಿ, ಹಲಗೆ ಮುಚ್ಚಿದ, ಕುಡಿಯುವ ನೀರಿನ ಮಣ್ಣಿನ ಗುಡಾಣ. ಪಟ್ಟಲಮ್ಮ ಬಿಳಿಯ ಸೀರೆ ಉಟ್ಟು, ಕೋಲು ಊರಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಅಮ್ಮ ಕಿಟಕಿಯಿಂದ ಕೈ ಹೊರಕ್ಕೆ ಚಾಚಿ ಜಗಲಿಯ ಕಂಬವನ್ನು ಹಿಡಿದಳು.

"ಬಂದೆ ಕಣೇ ಪಟ್ಟಲಮ್ಮ," ಅಂದಳು. "ತಡವಾಯ್ತು."

ಪಟ್ಟಲಮ್ಮ ಕಂಬದ ಮೇಲಿದ್ದ ಆ ಮೂಳೆ ಬಿಟ್ಟುಕೊಂಡ ಕೈಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಬಂದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಳು.

"ಅವತ್ತು ಹೊತ್ತು ಮುಳುಗೋ ತನಕ ಇಲ್ಲೇ ಕೂತಿದ್ದೆ ಟೀಚರೇ," ಅಂದಳು. "ನಿಮಗೆ ಅಂತ ಬೇರೆ ಒಲೆ ಹೂಡಿಸಿ, ಹೊಸ ಪಾತ್ರೇಲಿ ಅಡುಗೆ ಮಾಡಿಸಿದ್ದೆ. ಎಲ್ಲರೂ ಉಂಡು ಹೋದರು. ಆ ಪಾತ್ರೆ ಮುಚ್ಚಿದ ಹಾಗೇ ಇತ್ತು. ನಮ್ಮತ್ತೆ ನಕ್ಕಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ."

"ಇರಲಿ. ಇರಬೇಕಾದ್ದೇ," ಅಂದಳು ಅಮ್ಮ. "ಇವರು ಬೇಡ ಅಂದರು. ಆದರೆ ಕಾಲು ನನ್ನವು ತಾನೇ? ಆಗ ಚೆನ್ನಾಗಿ ನಡೀತಿದ್ದವು. ಈಗ ನೋಡು, ಬರೋಣ ಅಂದರೆ ಕಾಲೇ ಇಲ್ಲ."

ಅಪ್ಪ ಮಂಚದ ಆಚೆ ಬದಿಯಲ್ಲಿ ಕೂತಿದ್ದರು. ತಲೆ ಎತ್ತಲಿಲ್ಲ.

ಇಬ್ಬರೂ ಶಾಲೆಯ ಮಾತಾಡಿದರು. ಯಾವ ಹುಡುಗ ಏನಾದ, ಯಾರು ತೀರಿಕೊಂಡರು, ಇನ್‌ಸ್ಪೆಕ್ಟರು ಬಂದ ದಿನ ಕರಿಹಲಗೆ ಕಳಚಿ ಬಿದ್ದದ್ದು. ಒಂದು ಸಲ ಇಬ್ಬರೂ ನಕ್ಕರು. ಆ ನಗೆಯ ಕೊನೆಯಲ್ಲಿ ಅಮ್ಮನಿಗೆ ಕೆಮ್ಮು ಬಂತು, ಗಂಟಲು ಒಣಗಿತು. "ನೀರು," ಅಂದಳು.

ಪಟ್ಟಲಮ್ಮ ಸಿದ್ದೇಶನಿಗೆ ಕಣ್ಸನ್ನೆ ಮಾಡಿದಳು. ಅವನು ಒಳಗಿಂದ ಆ ಹೊಸ ಬಿಂದಿಗೆಯನ್ನು ತಂದು ಜಗಲಿಯ ಅಂಚಿನಲ್ಲಿ ಇಟ್ಟ. ಟವೆಲು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ನಿಮ್ಮ ನೀರೇ ಟೀಚರೇ," ಅಂದಳು ಪಟ್ಟಲಮ್ಮ. "ನಿಮ್ಮ ಮಗಳೇ ಹಿಡಿದದ್ದು. ಬಿಂದಿಗೆ ಹೊಸದು, ನೀರನ್ನ ಯಾರೂ ಮುಟ್ಟಿಲ್ಲ. ಧೈರ್ಯವಾಗಿ ಕುಡೀರಿ."

ಅವಳು ಚುಚ್ಚಿ ಹೇಳಲಿಲ್ಲ. ಚುಚ್ಚಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಕಿಟಕಿಯ ಮೇಲಿನ ಕೂಜವನ್ನು ಹನ್ನೊಂದು ವರ್ಷ ಕಾದವಳು, ಇವತ್ತೂ ನಮ್ಮ ಮಡಿಯನ್ನು ನಮಗಿಂತ ಚೆನ್ನಾಗಿ ಕಾದುಕೊಟ್ಟಿದ್ದಳು. ಸಿದ್ದೇಶನ ದನಿ ಯಾಕೆ ಕಲ್ಲಾಗಿತ್ತು ಅಂತ ಈಗ ಗೊತ್ತಾಯಿತು.

ಅಮ್ಮ ಬಿಂದಿಗೆಯನ್ನು ನೋಡಿದಳು.

"ಅದನ್ನ ಆ ಬುಡದಲ್ಲೇ ಬಿಟ್ಟು ಬಂದೆ ಕಣೇ," ಅಂದಳು. "ನಿನ್ನ ಗುಡಾಣದ್ದು ಕೊಡು. ನೀನೇ ಕೊಡಬೇಕು."

ಪಟ್ಟಲಮ್ಮ ಎದ್ದಳು. ಕೋಲನ್ನು ಗೋಡೆಗೆ ಒರಗಿಸಿ, ಗುಡಾಣದ ಹಲಗೆ ಸರಿಸಿ, ಒಂದು ಲೋಟ ನೀರು ಮೊಗೆದಳು. ಲೋಟದಲ್ಲಿ ಕುಡಿಸಿದರೆ ಅಮ್ಮನಿಗೆ ನೆತ್ತಿಗೇರುತ್ತದೆ ಅಂತ ನಾನು ಚಮಚ ಕೊಟ್ಟೆ. ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಪಟ್ಟಲಮ್ಮ ಒಂದು ಚಮಚ ನೀರು ಬಿಟ್ಟಳು. ಅಮ್ಮ ನುಂಗಿದಳು. ಇನ್ನೊಂದು. ಮತ್ತೊಂದು. ಅಮ್ಮನ ಕಣ್ಣಿನ ಮೂಲೆಯಿಂದ ನೀರು ಇಳಿದು ದಿಂಬಿಗೆ ಸೇರಿತು.

"ತಣ್ಣಗಿದೆ," ಅಂದಳು ಅಮ್ಮ.

"ಮಣ್ಣಿನ ಗುಣ," ಅಂದಳು ಪಟ್ಟಲಮ್ಮ.

ಬಿಸಿಲು ಇಳಿಯುತ್ತಿದ್ದಂತೆ ಹೊರಡಬೇಕಾಯಿತು. ಅಪ್ಪ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ, ತುಟಿ ಬಿರಿದಿತ್ತು. ಪಟ್ಟಲಮ್ಮ ಅದನ್ನು ಗಮನಿಸಿದ್ದಳೆಂದು ಕಾಣುತ್ತದೆ, ಬಿಂದಿಗೆಯನ್ನು ತೋರಿಸಿ, "ಪಂಡಿತರೇ, ಇದನ್ನ ತಗೊಂಡು ಹೋಗಿ. ದಾರಿಗೆ ಬೇಕಾಗುತ್ತೆ. ನಿಮ್ಮದು ನಿಮಗೇ ಇರಲಿ," ಅಂದಳು.

ಅಪ್ಪ ಗಾಡಿಯಿಂದ ಇಳಿದರು. ಜಗಲಿಯ ಅಂಚಿನಲ್ಲಿ ನಿಂತು ಬಿಂದಿಗೆಯ ಮೇಲಿನ ಟವೆಲು ತೆಗೆದರು. ಸ್ವಲ್ಪ ಹೊತ್ತು ಅದರೊಳಗೆ ನೋಡುತ್ತಾ ನಿಂತರು. ಆಮೇಲೆ ಕೇಳಿದರು, ಯಾವತ್ತೂ ಯಾರ ಮುಂದೆಯೂ ಅಷ್ಟು ಮೆತ್ತಗೆ ಕೇಳಿದವರಲ್ಲ:

"ಅಮ್ಮಾ, ನಿಮ್ಮ ಗುಡಾಣಕ್ಕೆ ನಾನು ಕೈ ಹಾಕಬಹುದೇ?"

ಸಿದ್ದೇಶ್ ತಲೆ ಎತ್ತಿದ. ಹೊಂಬಾಳಮ್ಮ ಬಾಗಿಲಲ್ಲಿ ನಿಂತವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಟ್ಟಲಮ್ಮ ಉತ್ತರ ಕೊಡಲು ಬಹಳ ಹೊತ್ತು ತೆಗೆದುಕೊಂಡಳು. ಆ ಹೊತ್ತು ಅವಳಿಗೆ ಸಲ್ಲಬೇಕಾದದ್ದೇ ಅನ್ನಿಸಿತು ನನಗೆ. ಬೇಡ ಅಂದಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ.

"ಹಾಕಿ," ಅಂದಳು ಕೊನೆಗೆ.

ಅಪ್ಪ ಬಿಂದಿಗೆಯ ನೀರನ್ನು ಪೂರ್ತಿ ಆ ಗುಡಾಣಕ್ಕೆ ಸುರಿದರು. ನಮ್ಮ ಬಾವಿಯದೂ ಅವರ ನಲ್ಲಿಯದೂ ಬೆರೆತುಹೋಯಿತು, ಇನ್ನು ಬೇರೆ ಮಾಡಲು ಬರುವುದಿಲ್ಲ. ಮತ್ತೆ ಅದರಿಂದಲೇ ಬಿಂದಿಗೆ ತುಂಬಿಸಿಕೊಂಡರು. ಮುದುಕರ ಕೈ, ಭಾರಕ್ಕೆ ನಡುಗಿತು. ಸಿದ್ದೇಶ್ ಮುಂದೆ ಬಂದು ಬಿಂದಿಗೆಯ ಇನ್ನೊಂದು ಬದಿ ಹಿಡಿದ. ಇಬ್ಬರೂ ಸೇರಿ ಗಾಡಿಯ ಹತ್ತಿರ ತಂದರು.

"ಹಿಂದೆ ಇಡಲಾ, ಪಂಡಿತ್ರೇ?" ಅಂದ ಸಿದ್ದೇಶ್.

"ಹಿಂದೆ ಬೇಡಪ್ಪ, ಬಾಲ ತಾಗುತ್ತೆ," ಅಂದರು ಅಪ್ಪ. "ನನ್ನ ಹತ್ತಿರ ಇರಲಿ."

ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತು ಬಿಂದಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಪಟ್ಟಲಮ್ಮ ಕಿಟಕಿಯಲ್ಲಿ ಅಮ್ಮನ ಕೈ ಬಿಟ್ಟಳು. ಮತ್ತೆ ಬನ್ನಿ ಅಂತ ಅವಳು ಅನ್ನಲಿಲ್ಲ, ಬರ್ತೀನಿ ಅಂತ ಅಮ್ಮನೂ ಅನ್ನಲಿಲ್ಲ. ಒಮ್ಮೆ ಅಂದು ತಪ್ಪಿದ ಮಾತು ಅದು, ಇಬ್ಬರಿಗೂ ನೆನಪಿತ್ತು.

ಬೋರೆ ಇಳಿಸುವಾಗ ಗಾಡಿಯನ್ನು ಅಂಗುಲ ಅಂಗುಲವಾಗಿ ಬಿಟ್ಟೆ. ಬುಡ ಬಂತು. ಮುಂದಿನ ಚಕ್ರ ಚಪ್ಪಡಿ ಹಿಡಿಯಿತು. ಬಿಂದಿಗೆ ತುಳುಕಿ ಅಪ್ಪನ ಪಂಚೆ ತೊಯ್ದುಹೋಯಿತು, ಅವರು ಹಿಡಿತ ಬಿಡಲಿಲ್ಲ. ಹಿಂದಿನ ಚಕ್ರ ಹಲಗೆ ದಾಟಿತು. ನಾನು ಕಿವಿಗೊಟ್ಟೆ. ಬಾಲ ಎಲ್ಲೂ ತಾಗಲಿಲ್ಲ.

ಹಿಂದಿನಿಂದ ಅಮ್ಮ ಕೇಳಿದಳು: "ಏನೂಂದ್ರೆ, ನೀರು ಚೆಲ್ಲಿತಾ?"

"ಒಂದಿಷ್ಟು ಚೆಲ್ಲಿತು ಗೋದಾ. ಮಿಕ್ಕಿದ್ದು ಇದೆ."

"ಹಾಗಾದರೆ ಕುಡೀರಿ. ಬೆಳಗಿಂದ ಏನೂ ಕುಡಿದಿಲ್ಲ ನೀವು."

ನಾನು ಗಾಡಿ ನಿಲ್ಲಿಸಿದೆ. ಅಪ್ಪ ಬಿಂದಿಗೆಯನ್ನು ಓರೆಮಾಡಿ, ಒಂದು ಅಂಗೈಗೆ ಬಗ್ಗಿಸಿಕೊಂಡು ಕುಡಿದರು.